ಸ್ಟೇರಿಂಗ್ ಇಲ್ಲದ ಗಾಡಿ

ಬಲೂನಿನ ಬುಟ್ಟಿಯೊಳಗೆ ಕಾಲಿಟ್ಟ ಗಡಿಯಾರಣ್ಣ ಮೊದಲು ಹುಡುಕಿದ್ದು ಸ್ಟೇರಿಂಗನ್ನು. ಇರಲಿಲ್ಲ. ಬ್ರೇಕ್ ಇರಲಿಲ್ಲ, ಹಾರ್ನ್ ಇರಲಿಲ್ಲ, ಹಿಂದೆ ಬರುವವರನ್ನು ನೋಡಲು ಒಂದು ಕನ್ನಡಿಯೂ ಇರಲಿಲ್ಲ. ನಾಲ್ಕು ಗ್ಯಾಸ್ ಸಿಲಿಂಡರು, ತಲೆಯ ಮೇಲೆ ಬೆಂಕಿ ಉಗುಳುವ ಒಂದು ಒಲೆ, ಅದರ ಮೇಲೆ ಮೂರಂತಸ್ತಿನ ಮನೆಯಷ್ಟು ಬಟ್ಟೆ. ಅಷ್ಟೇ.

"ಇದನ್ನ ತಿರುಗಿಸೋದು ಹೇಗೆ ಪುಟ್ಟಿ?"

"ತಿರುಗಿಸೋಕಾಗಲ್ಲಪ್ಪ. ಮೇಲೊಂದು ಗಾಳಿ ಇರುತ್ತೆ, ಕೆಳಗೊಂದು ಗಾಳಿ ಇರುತ್ತೆ. ಬೇಕಾದ್ದು ಸಿಗೋ ತನಕ ಹತ್ತೋದು, ಇಳಿಯೋದು."

"ಕೊನೇಗೆ ಇಳಿಯೋದು ಎಲ್ಲಿ?"

"ಇಳಿದ ಮೇಲೆ ಗೊತ್ತಾಗುತ್ತೆ."

ಮೂವತ್ತೊಂದು ವರ್ಷ ಬಸ್ಸು ಓಡಿಸಿದವನಿಗೆ ಹೇಳುವ ಮಾತೇ ಇದು? ಅವನ ಬಸ್ಸು ಬಂದದ್ದು ನೋಡಿ ಜನ ತಮ್ಮ ವಾಚು ಸರಿಮಾಡಿಕೊಳ್ಳುತ್ತಿದ್ದರು. ಅದಕ್ಕೇ ಡಿಪೋದವರು ಆ ಹೆಸರಿಟ್ಟದ್ದು. ಹುಟ್ಟಿದಾಗ ಇಟ್ಟ ಹೆಸರು ಈಗ ಪಿಂಚಣಿ ಕಾಗದದಲ್ಲಿ ಮಾತ್ರ ಉಳಿದಿದೆ.

ಬಲೂನು ಹಾರಿಸುವವಳು ಮಗಳು. ಅದರ ಬೆನ್ನುಹತ್ತಿ ನೆಲದ ಮೇಲೆ ಜೀಪು ಓಡಿಸಿ, ಇಳಿದಲ್ಲಿಂದ ಅವಳನ್ನೂ ಬುಟ್ಟಿಯನ್ನೂ ಹೇರಿಕೊಂಡು ಬರುವವನು ಅಳಿಯ. ಅಳಿಯನಿಗೆ ಮುಂದಿನ ವಾರ ಮೊಣಕಾಲಿನ ಆಪರೇಷನ್. ಆರು ತಿಂಗಳು ಕ್ಲಚ್ ಒತ್ತುವ ಹಾಗಿಲ್ಲ. ಮನೆಯಲ್ಲೇ ಡ್ರೈವರ್ ಇರುವಾಗ ಊರೆಲ್ಲ ಯಾಕೆ ಅಲೆಯಬೇಕು ಎಂದು ಮಗಳು ತೀರ್ಮಾನ ಮಾಡಿಬಿಟ್ಟಿದ್ದಳು. ಮೊದಲು ಮೇಲಿಂದ ಒಂದು ಸಲ ನೋಡಲಿ, ಆಮೇಲೆ ಜೀಪು ಹಿಡಿಯಲಿ ಎಂದು ಇವತ್ತು ಬುಟ್ಟಿಗೆ ಹತ್ತಿಸಿದ್ದಳು. ಗಡಿಯಾರಣ್ಣ ಹೂಂ ಅಂದಿದ್ದ. ಅನ್ನಬಾರದಿತ್ತು.

ಯಾಕೆಂದರೆ ನಾಲ್ಕು ತಿಂಗಳ ಹಿಂದೆ, ಕ್ಷೌರದಂಗಡಿಯಿಂದ ಮನೆಗೆ ಬರುವ ಎರಡೇ ಬೀದಿಯ ದಾರಿ ಅವನ ತಲೆಯಿಂದ ಅಳಿಸಿಹೋಗಿತ್ತು. ಎಡಕ್ಕೋ ಬಲಕ್ಕೋ ತಿಳಿಯದೆ ಕಕ್ಕಾಬಿಕ್ಕಿಯಾಗಿ ಒಂದು ಬೀಗದಂಗಡಿಯ ಮುಂದೆ ನಿಂತಿದ್ದ. ನಿಂತೇ ಇದ್ದರೆ ಯಾರಾದರೂ ಏನಾದರೂ ಅಂದುಕೊಂಡಾರು ಎಂದು ಒಂದು ಬೀಗ ಕೊಂಡ. ಕೊಳ್ಳುವಷ್ಟರಲ್ಲಿ ದಾರಿ ತಾನಾಗಿ ನೆನಪಿಗೆ ಬಂತು. ಆಮೇಲೆ ಇನ್ನೆರಡು ಸಲ ಹಾಗೇ ಆಯಿತು. ಈಗ ಮಂಚದ ಕೆಳಗೆ ಶೂ ಡಬ್ಬಿಯಲ್ಲಿ ಮೂರು ಬೀಗಗಳಿವೆ. ಯಾಕಪ್ಪ ಎಂದು ಮಗಳು ಕೇಳಿದ್ದಕ್ಕೆ, ಟೂಲ್ಸ್ ಪೆಟ್ಟಿಗೆಗೆ ಎಂದಿದ್ದ. ಮನೆಯಲ್ಲಿ ಟೂಲ್ಸ್ ಪೆಟ್ಟಿಗೆಯೇ ಇರಲಿಲ್ಲ.

ಇಂಥ ತಲೆ ಹೊತ್ತುಕೊಂಡು ಎಲ್ಲೋ ಕಲ್ಲುಗಳ ನಡುವೆ ಇಳಿದ ಮಗಳನ್ನು ಹುಡುಕುವುದು ಹೇಗೆ? ಅವಳು ಬಿಸಿಲಲ್ಲಿ ಕಾಯುತ್ತಾ ಕೂತಿರುವಾಗ ಇವನು ಇನ್ಯಾವುದೋ ಬೀಗದಂಗಡಿಯ ಮುಂದೆ ನಿಂತುಬಿಟ್ಟರೆ? ಹೇಳಬೇಕು, ಇವತ್ತೇ ಹೇಳಬೇಕು ಎಂದು ಬೆಳಗಿನಿಂದ ಮೂರು ಸಲ ಬಾಯಿ ತೆರೆದಿದ್ದ. ಮೂರು ಸಲವೂ ಹೊರಬಂದದ್ದು ಆಕಳಿಕೆ.

"ಒಂದು ಮಾತು ಅಪ್ಪ," ಮಗಳು ಕೈಗೆ ಚರ್ಮದ ಗ್ಲೌಸು ಏರಿಸುತ್ತಾ ಹೇಳಿದಳು. "ಇಳಿದ ಮೇಲೆ ಬುಟ್ಟಿ ಬಿಟ್ಟು ಎಲ್ಲೂ ಹೋಗೋ ಹಾಗಿಲ್ಲ. ಇದ್ದಲ್ಲೇ ಕೂತಿರಬೇಕು. ಹುಡುಕೋದು ಜೀಪಿನವರ ಕೆಲಸ."

"ಕೆಟ್ಟು ನಿಂತ ಬಸ್ಸಲ್ಲಿ ನಾನು ಒಂದು ದಿನಾನೂ ಸುಮ್ಮನೆ ಕೂತೋನಲ್ಲ. ಮುಂದಿನ ಊರಿಗೆ ನಡಕೊಂಡು ಹೋಗಿ ಡಿಪೋಗೆ ಫೋನ್ ಮಾಡ್ತಿದ್ದೆ."

"ಇದು ಬಸ್ಸಲ್ಲಪ್ಪ."

ಒಲೆ ಭರ್ರೆಂದು ಉರಿಯಿತು. ಬುಟ್ಟಿ ಅಲುಗಲೇ ಇಲ್ಲ. ನೆಲವೇ ಕೆಳಕ್ಕೆ ಜಾರಿಕೊಂಡು ಹೋಯಿತು. ಜೀಪಿನ ಪಕ್ಕದಲ್ಲಿ ಕೈಬೀಸುತ್ತಿದ್ದ ಅಳಿಯ ಬೆರಳುದ್ದವಾದ, ಆಮೇಲೆ ಉಗುರಿನಷ್ಟಾದ. ಮುಖಕ್ಕೆ ಒಂಚೂರೂ ಗಾಳಿ ಬಡಿಯಲಿಲ್ಲ.

"ಗಾಳೀನೇ ಇಲ್ವಲ್ಲೇ! ಮತ್ತೆ ಹೋಗ್ತಿರೋದು ಹೇಗೆ?"

"ಗಾಳಿ ಜೊತೇಲೇ ಹೋಗ್ತಿದ್ದೀವಲ್ಲ, ಅದಕ್ಕೆ ಗೊತ್ತಾಗಲ್ಲ."

ಅವನಿಗೆ ತಲೆಬುಡ ಅರ್ಥವಾಗಲಿಲ್ಲ.

ಕೆಳಗೆ ಟೋಪಿಕಲ್ಲುಗಳು ಹರಡಿಕೊಂಡವು. ಸುಣ್ಣದಂತೆ ಬೆಳ್ಳಗಿರುವ ಮಣ್ಣಿನ ಕಂಬಗಳು, ಒಂದೊಂದರ ತಲೆಯ ಮೇಲೂ ಒಂದು ಕಪ್ಪು ಬಂಡೆ. ಯಾವ ಕಾಲದಲ್ಲೋ ನೀರು ಸುತ್ತಲಿನ ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗಿ, ಬಂಡೆ ಕಾಪಾಡಿದ್ದಷ್ಟನ್ನೇ ನಿಲ್ಲಿಸಿಹೋಗಿತ್ತು. ಇದೇ ಕಲ್ಲುಗಳ ಅಂಚಿನಲ್ಲಿ ಅವನು ಮೂವತ್ತೊಂದು ವರ್ಷ ಬಸ್ಸು ಓಡಿಸಿದ್ದ. ಕಿಟಕಿಯಿಂದ ಕಾಣುತ್ತಿದ್ದದ್ದು ಮುಂದಿನ ಒಂದೇ ಸಾಲು. ಹಿಂದೆ ಏನಿದೆ ಎಂದು ಪ್ರಯಾಣಿಕರು ಕೇಳಿದರೆ, ಏನೂ ಇಲ್ಲ ಬಿಡಿ ಎನ್ನುತ್ತಿದ್ದ. ಹಿಂದೆ ಸಾವಿರಾರು ಇದ್ದವು. ನಡುನಡುವೆ ಕೊರಕಲುಗಳು, ಒಂದು ಇನ್ನೊಂದರೊಳಗೆ ನುಗ್ಗಿ, ಗಂಟುಬಿದ್ದ ದಾರದಂತೆ, ಎಲ್ಲಿ ಶುರು ಎಲ್ಲಿ ಕೊನೆ ಒಂದೂ ತಿಳಿಯದ ಹಾಗೆ.

ಬಲಗಡೆ ಇದ್ದ ಸೂರ್ಯ ಬೆನ್ನ ಹಿಂದೆ ಬಂದ. ಸ್ವಲ್ಪ ಹೊತ್ತಿಗೆ ಎಡಗಡೆ ಇದ್ದ. ಶುರುವಾಯಿತು, ಇಲ್ಲೂ ಶುರುವಾಯಿತು ಎಂದುಕೊಂಡು ಗಡಿಯಾರಣ್ಣ ಬುಟ್ಟಿಯ ಹಗ್ಗ ಬಿಗಿಯಾಗಿ ಹಿಡಿದ.

"ಪುಟ್ಟಿ, ಸೂರ್ಯ ಆಗ ಆ ಕಡೆ ಇದ್ದ ಅಲ್ವಾ?"

"ಬುಟ್ಟಿ ಸುತ್ತುತಾ ಇದೆ ಅಪ್ಪ. ಹಾಗೇ ಅದು."

ಹೋದ ಜೀವ ಬಂದಂತಾಯಿತು. ಆದರೆ ಎಷ್ಟು ಹೊತ್ತು? ಮಗಳು ಕೆಳಗೆ ಬೆರಳು ತೋರಿಸಿ, "ಅಗೋ ನಿನ್ನ ರಸ್ತೆ," ಅಂದಳು. ಬೂದು ಬಣ್ಣದ ಮೂರು ಗೆರೆಗಳು ಕಂಡವು. ಮೂರರಲ್ಲಿ ತನ್ನದು ಯಾವುದು? ಕಣ್ಣು ಮುಚ್ಚಿದರೆ ಪ್ರತಿ ತಿರುವೂ ಹೇಳಬಲ್ಲ ರಸ್ತೆ ಅದು. ಕಣ್ಣು ತೆರೆದರೆ ಗೊತ್ತಾಗುತ್ತಿಲ್ಲ. ಇದು ಎತ್ತರದ ತಪ್ಪೋ, ತನ್ನ ತಲೆಯ ತಪ್ಪೋ? ಬೇಳೆಯಿಂದ ಕಲ್ಲು ಆರಿಸಿದ ಹಾಗೆ ಎರಡನ್ನೂ ಬೇರೆ ಮಾಡಲು ನೋಡಿದ. ಆಗಲಿಲ್ಲ. ಭಯವಾಯಿತು, ನಿಜವಾಗಿ ಭಯವಾಯಿತು.

ಅಷ್ಟರಲ್ಲಿ ವಾಕಿಟಾಕಿ ಗೊರಗುಟ್ಟಿತು. "ಕಲ್ಲು ಅಡ್ಡ ಬಂತು, ನೀವು ಕಾಣಿಸ್ತಾ ಇಲ್ಲ," ಎಂದಿತು ಅಳಿಯನ ದನಿ. "ರಸ್ತೆ ಎರಡಾಗಿ ಒಡೆಯೋ ಕಡೆ ಇದ್ದೀನಿ. ಯಾವ ಕಡೆ ಬರಲಿ? ಮಾವ ಇದ್ದಾರಲ್ಲ, ಅವರನ್ನೇ ಕೇಳು!"

ಮಗಳು ನಕ್ಕು ವಾಕಿಟಾಕಿಯನ್ನು ಅಪ್ಪನ ಬಾಯಿಗೆ ಹಿಡಿದಳು. "ಹೇಳಪ್ಪ. ನಿನ್ನ ರಸ್ತೆ ತಾನೇ."

ಗೊತ್ತಿಲ್ಲ ಅನ್ನಬಹುದಿತ್ತು. ಮೂವತ್ತೊಂದು ವರ್ಷದ ಜಂಬ ಎಲ್ಲಿ ಬಿಡುತ್ತದೆ? "ಎಡಕ್ಕೆ," ಎಂದುಬಿಟ್ಟ, ಹಾರ್ನ್ ಒತ್ತಿದಷ್ಟು ಸಲೀಸಾಗಿ.

ಕೆಳಗೆ ಧೂಳಿನ ಒಂದು ಸಣ್ಣ ಬಾಲ ಎಡಕ್ಕೆ ಹೊರಳಿತು. ಬಲೂನು ತೇಲುತ್ತಿದ್ದದ್ದು ಒಂದು ಕಡೆ, ಧೂಳು ಓಡುತ್ತಿದ್ದದ್ದು ಇನ್ನೊಂದು ಕಡೆ. ಮಗಳು ಹುಬ್ಬು ಗಂಟಿಕ್ಕಿ ಮತ್ತೆ ಮತ್ತೆ ಕರೆದಳು. ಕೊರಕಲಿಗೆ ಇಳಿದ ಜೀಪಿನಿಂದ ಬರೀ ಗೊರಗೊರ ಸದ್ದು.

"ಪುಟ್ಟಿ," ಎಂದ ಗಡಿಯಾರಣ್ಣ. "ನಂಗೆ ದಾರಿ..."

ಅವಳು ಒಲೆಯ ಹಿಡಿ ಒತ್ತಿದಳು. ಬೆಂಕಿ ಅಬ್ಬರಿಸಿತು. ಆ ಅಬ್ಬರದಲ್ಲೇ ಅವನು ಹೇಳಿಬಿಟ್ಟ, ಕ್ಷೌರದಂಗಡಿ, ಎರಡು ಬೀದಿ, ಬೀಗ, ಎಲ್ಲವನ್ನೂ. ಅಥವಾ ಹೇಳಿದೆ ಎಂದುಕೊಂಡ. ಬೆಂಕಿ ನಿಂತಾಗ ಅವಳು ಕೆಳಗಿನ ಬಯಲನ್ನೇ ನೋಡುತ್ತಿದ್ದಳು. ಕೇಳಿಸಿತೋ ಇಲ್ಲವೋ? ತಾನು ಬಾಯಿಬಿಟ್ಟು ಹೇಳಿದೆನೋ, ಮನಸ್ಸಿನಲ್ಲೇ ಹೇಳಿಕೊಂಡೆನೋ? ಅದೂ ಈಗ ನಿಶ್ಚಯವಿಲ್ಲ.

"ಹಿಡ್ಕೋ ಅಪ್ಪ! ಮೊಣಕಾಲು ಬಗ್ಗಿಸು!"

ಬುಟ್ಟಿ ಒಮ್ಮೆ ನೆಲಕ್ಕೆ ಬಡಿಯಿತು, ಎದ್ದಿತು, ಮತ್ತೆ ಬಡಿದು ಒಂದಿಷ್ಟು ದೂರ ಕೆರೆದುಕೊಂಡು ಹೋಗಿ ನಿಂತಿತು. ಬಟ್ಟೆ ನಿಧಾನವಾಗಿ ನೆಲಕ್ಕೆ ಒರಗಿತು. ಸುತ್ತ ಟೋಪಿಕಲ್ಲುಗಳು, ಯಾವ ಕಡೆ ನೋಡಿದರೂ ಒಂದೇ ಥರ. ಜೀಪಿನ ಸುಳಿವಿಲ್ಲ.

ಗಡಿಯಾರಣ್ಣ ಬುಟ್ಟಿಯ ಅಂಚಿನ ಮೇಲೆ ಕಾಲು ಹಾಕಿದ. ಮಗಳು ಹಿಂದಿನಿಂದ ಅಂಗಿ ಹಿಡಿದಳು.

"ಎಲ್ಲಿಗೆ?"

"ನಾನೇ ಅವರನ್ನ ತಪ್ಪು ದಾರಿಗೆ ಕಳಿಸಿದ್ದು. ಕರಕೊಂಡು ಬರ್ತೀನಿ."

"ಕೂತ್ಕೋ ಅಪ್ಪ. ಬರ್ತಾರೆ."

ಕೂತ. ಅವಳು ಗ್ಲೌಸು ಬಿಚ್ಚಿ, ಒಂದರ ಮೇಲೊಂದು ಇಟ್ಟು ಮಡಚಿದಳು. ಮತ್ತೆ ಬಿಚ್ಚಿ ಮತ್ತೆ ಮಡಚಿದಳು. ಅವನಿಗೆ ತಡೆಯಲಾಗಲಿಲ್ಲ.

"ಮೇಲೆ ಇದ್ದಾಗ ನಾನೇನಾದ್ರೂ ಹೇಳಿದ್ನಾ?"

"ಬೀಗದ ಅಂಗಡಿ ಅಂದೆ," ಎಂದಳು ಮಗಳು. ಗ್ಲೌಸಿನಿಂದ ಕಣ್ಣು ಎತ್ತಲಿಲ್ಲ. "ಮುಂದಿನ ಸಲ ಬೀಗ ತಗೋಬೇಡ."

"ಮತ್ತೇನು ಮಾಡಲಿ?"

"ಆ ಅಂಗಡಿ ಮುಂದೇನೇ ಕೂತಿರು. ಅಲ್ಲಾಡಬೇಡ. ಹುಡುಕೋದು ನನ್ನ ಕೆಲಸ."

ಗಡಿಯಾರಣ್ಣ ಮೂಗು ಒರೆಸಿಕೊಂಡ. ದೂರದ ಕಲ್ಲುಗಳ ಹಿಂದೆ ಧೂಳೆದ್ದಿತು. ಅದು ಇತ್ತ ಬರುತ್ತಿದೆಯೋ ಅತ್ತ ಹೋಗುತ್ತಿದೆಯೋ ಅವನಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಬುಟ್ಟಿಗೆ ಬೆನ್ನು ಕೊಟ್ಟು, ಇದ್ದಲ್ಲೇ ಕೂತ.