ತಾಯಿಯ ವಯಸ್ಸು ಸರಿಹೊಂದುತ್ತಿಲ್ಲ

ಪಾವಗಡ ಬಸ್‌ಸ್ಟ್ಯಾಂಡಿನ ಎದುರಿಗಿರುವ ಲೋಹಿತಾಳ ಆನ್‌ಲೈನ್ ಸೆಂಟರಿನಲ್ಲಿ ಗಂಟೆ ನಾಲ್ಕಾಗಿತ್ತು. ಐದಕ್ಕೆ ಅರ್ಜಿಯ ಅವಧಿ ಮುಗಿಯುತ್ತಿತ್ತು. ಎದುರಿಗೆ ಕೂತಿದ್ದ ಕುರಿ ಕಾಯುವ ದಾಸಮ್ಮ, ಮಗ ಅಂಜನ್ ಕುಮಾರನಿಗೆ ತನ್ನದೊಂದು ಕಿಡ್ನಿ ಕೊಡಲು ಹೊರಟವಳು. ಪರೀಕ್ಷೆಗಳೆಲ್ಲ ಮುಗಿದು ಹೊಂದಿಕೆಯಾಗಿತ್ತು. ಉಳಿದದ್ದು ಆಸ್ಪತ್ರೆಯ ಈ ಅರ್ಜಿ ಮಾತ್ರ. ಇವತ್ತು ತಪ್ಪಿದರೆ ಒಪ್ಪಿಗೆ ಕೊಡುವ ಸಮಿತಿ ಕೂರುವುದು ಇನ್ನೆರಡು ತಿಂಗಳಿಗೆ. ಹುಡುಗನಿಗೆ ಅಷ್ಟು ದಿನವಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದರು.

ಅರ್ಜಿಗೋ ಮಡಿ ಜಾಸ್ತಿ. ಕನ್ನಡ ಅಂಕಿಯಲ್ಲಿ ತಾರೀಖು ಹೊಡೆದರೆ ಮುಟ್ಟಲಿಲ್ಲ. ಇಂಗ್ಲಿಷ್ ಅಂಕಿ ಹಾಕಿದ ಮೇಲೆ ಮುಟ್ಟಿತು, ಮುಟ್ಟಿದ್ದೇ ಕೆಂಪಗಾಯಿತು: 'ತಾಯಿಯ ವಯಸ್ಸು ಸರಿಹೊಂದುತ್ತಿಲ್ಲ.' ಮಗ ಹುಟ್ಟಿದ್ದು ಎರಡು ಸಾವಿರದ ಆರರಲ್ಲಿ. ಆಧಾರ್ ಪ್ರಕಾರ ದಾಸಮ್ಮ ಹುಟ್ಟಿದ್ದು ತೊಂಬತ್ತೈದರಲ್ಲಿ. ಹನ್ನೊಂದು ವರ್ಷದ ತಾಯಿಯನ್ನು ಅರ್ಜಿ ಒಪ್ಪಲೊಲ್ಲದು.

ಲೋಹಿತಾ ನಕ್ಕಳು. ಕುರಿ ಹಿಂದೆ ಹೋಗುವವರ ಕಾರ್ಡಿನಲ್ಲಿ ವಯಸ್ಸು ಸರಿಯಿದ್ದದ್ದನ್ನು ಅವಳು ಕಂಡೇ ಇರಲಿಲ್ಲ. ಆಧಾರ್ ಕ್ಯಾಂಪಿನವರು ಮುಖ ನೋಡಿ ಒಂದು ಇಸವಿ ಬರೆಯುತ್ತಾರೆ, ಇವರು ಹೂಂ ಅನ್ನುತ್ತಾರೆ.

"ಅಂದಾಜಿಗೆ ಬರ್ದವ್ರೆ ಕಣಕ್ಕ. ನಿಜವಾಗ್ಲೂ ನಿಂಗೆಷ್ಟು?"

ದಾಸಮ್ಮ ಸೆರಗಿನ ತುದಿ ಹಿಂಡುತ್ತಾ, "ನೀನೇ ಏನಾರ ಹಾಕ್ಬುಡವ್ವ," ಎಂದಳು.

ಲೋಹಿತಾ ಹುಟ್ಟಿದ ಇಸವಿ ಎಂಬತ್ತೆಂಟು ಎಂದು ಹಾಕಿದಳು. ಆಧಾರಿಗೆ ತಾಳೆಯಾಗುತ್ತಿಲ್ಲ ಎಂದು ತಿರುಗಿ ಬಂತು. ಆಂಧ್ರದ ಗಡಿಯಲ್ಲಿರುವ ಪಾವಗಡದವರಿಗೆ ಒಂದು ಚಾಳಿ, ಕನ್ನಡದಲ್ಲಿ ಆಗದ್ದನ್ನು ತೆಲುಗಿನಲ್ಲಿ ಕೇಳಿ ನೋಡುವುದು. ಅರ್ಜಿಯನ್ನು ತೆಲುಗಿಗೆ ತಿರುಗಿಸಿದಳು, ಇಂಗ್ಲಿಷಿಗೆ ತಿರುಗಿಸಿದಳು. ಬೈಯುವ ಭಾಷೆ ಬದಲಾಯಿತೇ ಹೊರತು ಬೈಗುಳ ಬದಲಾಗಲಿಲ್ಲ. ಸಹಾಯವಾಣಿಯಲ್ಲಿ ಫೋನ್ ಎತ್ತುವವರಿಲ್ಲ. ನಾಲ್ಕೂವರೆಯಾಯಿತು. ಒಂದು ಇಸವಿಗೋಸ್ಕರ ಒಂದು ಜೀವ ಹೋಗುತ್ತದಲ್ಲ ಎಂದು ಅವಳಿಗೆ ಅಳುವೇ ಬಂತು.

"ಈ ಕಾರ್ಡ್ ಬರ್ದೋನ ಕೈ ಸೇದೋಗ!"

"ಅವ್ನುನ್ನ ಬೈಬ್ಯಾಡ ಕಣಮ್ಮ," ದಾಸಮ್ಮ ತಗ್ಗಿದ ದನಿಯಲ್ಲಿ ಅಂದಳು. "ಕಾರ್ಡ್ ಸರಿಯಾಗೈತೆ. ಅಂಜನ ನಮ್ಮಕ್ಕನ ಮಗ. ಎಂಟು ತಿಂಗ್ಳ ಕೂಸು ಬುಟ್ಟು ಅವ್ಳು ಸತ್ಲು. ಕುರಿ ಮಂದೇಲಿ ನಾನೇ ಸೊಂಟದ್ಮ್ಯಾಲೆ ಹೊತ್ಕಂಡು ಸಾಕ್ದೆ. ದೊಡ್ಡೋಳಾದ್ಮ್ಯಾಲೆ ಭಾವುಂಗೇ ಕೊಟ್ಟು ಮದ್ವೆ ಮಾಡುದ್ರು. ಅಂಜನಂಗೆ ಇದು ಗೊತ್ತಿಲ್ಲ."

ಲೋಹಿತಾ ಅರ್ಜಿಯ ಕಡೆ ತಿರುಗಿದಳು. ಅದರ ಸಂಬಂಧಗಳ ಪಟ್ಟಿಯಲ್ಲಿ ಸಾಕಿದವಳು ಎಂಬುದಿರಲಿಲ್ಲ, ಮಲತಾಯಿ ಎಂಬುದೂ ಇರಲಿಲ್ಲ. ಇಸವಿಯನ್ನು ಮತ್ತೆ ತೊಂಬತ್ತೈದು ಮಾಡಿ, 'ತಾಯಿ' ಎಂಬುದನ್ನು ತೆಗೆದು 'ತಾಯಿಯ ತಂಗಿ' ಎಂದು ಆರಿಸಿದಳು. ಅರ್ಜಿ ಮರುಮಾತಾಡದೆ ಹಸಿರಾಯಿತು. ಆದರೆ ಪ್ರಿಂಟಿನ ಕೆಳಗೆ ರೋಗಿಯ ರುಜು ಬೇಕು, ಅದನ್ನು ಸ್ಕ್ಯಾನ್ ಮಾಡಿ ಮತ್ತೆ ಕಳಿಸಬೇಕು. ಐದಕ್ಕೆ ಹತ್ತು ನಿಮಿಷವಿತ್ತು.

"ಓದ್ಬ್ಯಾಡ, ಬರೀ ರುಜು ಹಾಕು ಅಂದ್ರೆ ಆಯ್ತದಾ?" ಲೋಹಿತಾ ಕೇಳಿದಳು.

"ಅವ್ನು ಓದ್ದೆ ಯಾವ್ದುಕ್ಕೂ ರುಜು ಹಾಕಾಕಿಲ್ಲ ಕಣವ್ವ," ಎಂದು ದಾಸಮ್ಮ ಕಾಗದ ಹಿಡಿದು ಎದ್ದಳು.

ಹೊರಗೆ ಆಟೋದಲ್ಲಿ ಒರಗಿದ್ದ ಅಂಜನ್ ಕಾಗದ ಓದಿದ. ಊದಿದ ಕಣ್ಣು ಅಗಲಿಸಿ ಇನ್ನೊಂದು ಸಲ ಓದಿದ.

"ಅವ್ವಾ, ಇದ್ರಾಗೆ ತಪ್ಪು ಹೊಡ್ದವ್ರೆ. ನಿನ್ನುನ್ನ ನನ್ ಚಿಕ್ಕವ್ವ ಅಂತ ಹಾಕವ್ರೆ. ಬಿರ್ನೆ ಸರಿ ಮಾಡ್ಸು, ಟೈಮಾಯ್ತದೆ."

ದಾಸಮ್ಮ ಪೆನ್ನನ್ನು ಅವನ ಬೆರಳುಗಳ ನಡುವೆ ತುರುಕಿದಳು.

"ತಪ್ಪಲ್ಲ ಕಣ್ಲಾ. ರುಜು ಹಾಕು."