ಲಡ್ಡುವಿನ ಏಕಾದಶಿ

ವಸಂತಾ ಫ್ರಿಜ್ಜಿನ ಬಾಗಿಲಿನಿಂದ ಇನ್ಸುಲಿನ್ ಬಾಟಲಿ ತೆಗೆದಳು. ಎರಡು ಅಂಗೈಗಳ ನಡುವೆ ಇಟ್ಟು ಮೆಲ್ಲಗೆ ಹೊರಳಿಸಿದಳು. ಡಾಕ್ಟರ್ ತೋರಿಸಿದ ಗೆರೆಯವರೆಗೆ ಸಿರಿಂಜಿಗೆ ಔಷಧಿ ಎಳೆದು, ಬೆರಳಿನಿಂದ ತಟ್ಟಿ ಗಾಳಿಗುಳ್ಳೆ ಬಿಟ್ಟಳು. ಗೋಡೆಗೆ ಒರಗಿ ಕೂತಿದ್ದ ಲಡ್ಡುವಿನ ಭುಜದ ಹಿಂದಿನ ಸಡಿಲು ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಸೂಜಿ ಚುಚ್ಚಿ ತೆಗೆದಳು. ಬೆಕ್ಕು ಕೂಗಲಿಲ್ಲ. 

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಹತ್ತು ದಿನದಿಂದ ಇದೇ ಕೆಲಸ. ಹತ್ತಿರದ ಬಂಗಾಲಿ ಟೋಲಾ ಬೀದಿಯ ಗೆಳತಿಯ ಮನೆಗೆ ಅರಿಶಿನ ಕುಂಕುಮಕ್ಕೆ ಹೋದರೂ ಅವಳ ಕಣ್ಣು ಗಡಿಯಾರದ ಮೇಲೆಯೇ. ಸಾರನಾಥಕ್ಕೆ ಹೋಗಿಬರಬೇಕೆಂಬ ಆಸೆಯನ್ನು ಅವಳು ಬಿಟ್ಟೇ ಬಿಟ್ಟಿದ್ದಳು.

ಅವಳ ಗಂಡ ರಾಮಕೃಷ್ಣ ಬ್ಯಾಂಕಿನವನು. ಧಾರವಾಡದಿಂದ ಬನಾರಸಿಗೆ ವರ್ಗವಾದಾಗ ತಾಯಿ ಅಂಬುಜಾಕ್ಷಿಯವರನ್ನೂ ಕರೆತಂದಿದ್ದ. ಶಿವಾಲ ಬಡಾವಣೆಯ ಈ ಬಾಡಿಗೆ ಮನೆಗೆ ಗಲ್ಲಿಯಿಂದ ಲಡ್ಡು ತಾನಾಗಿಯೇ ಬಂದು ಸೇರಿತ್ತು. ಊರು ಹೊಸದು, ಭಾಷೆ ಹೊಸದು. ಆಗ ವಸಂತಾಳಿಗೆ ಅದೇ ಜೊತೆ. ಈಚೆಗೆ ಅದು ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿತು. ಎಷ್ಟು ತಿಂದರೂ ಸೊರಗಿತು. ಡಾಕ್ಟರ್ ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು.

"ಬೆಕ್ಕಿಗೂ ಶುಗರ್ರ?" ಎಂದು ಅತ್ತೆ ನಕ್ಕಿದ್ದರು. "ಹೆಸರ ಲಡ್ಡು ಅಂತ ಇಟ್ರ ಇನ್ನೇನ ಬರ್ತದ?"

ನಕ್ಕರೂ ಅದಕ್ಕೆ ಊಟ ಹಾಕುವ ಕೆಲಸವನ್ನು ಅವರೇ ವಹಿಸಿಕೊಂಡರು. ಔಷಧಿ ತರುವುದು ರಾಮಕೃಷ್ಣನ ಪಾಲು. ಸೂಜಿ ಮಾತ್ರ ವಸಂತಾಳದು. ಆ ಹೊತ್ತಿಗೆ ಇಬ್ಬರೂ ಮುಖ ತಿರುಗಿಸುತ್ತಿದ್ದರು.

ಆ ದಿನ ಏಕಾದಶಿ, ಸೂಜಿ ಶುರುವಾದ ಮೇಲೆ ಮೊದಲನೆಯದು. ಮನೆಯಲ್ಲಿ ಎಲ್ಲರಿಗೂ ಉಪವಾಸ. ವಸಂತಾಳಿಗೆ ತಲೆ ಭಾರವಾಗಿತ್ತು. ಲಡ್ಡುವಿನ ಬಟ್ಟಲು ಎಲ್ಲಿದೆ ಎಂದೂ ನೋಡದೆ ಸಂಜೆಯ ಸೂಜಿ ಮುಗಿಸಿ, ದೇವರ ಮುಂದೆ ದೀಪ ಹಚ್ಚಲು ಹೋದಳು.

ಅತ್ತೆಯ ಪಾರಾಯಣ ಮುಗಿಯುವ ಹೊತ್ತಿಗೆ ಲಡ್ಡು ಎದ್ದು ನಡೆಯಲು ನೋಡಿತು. ಹಿಂಗಾಲು ಮಡಚಿ ಬಿದ್ದಿತು. ಮತ್ತೆ ಎದ್ದು ಓಲಾಡಿತು. ಕಣ್ಣು ಎತ್ತಲೋ ನೋಡುತ್ತಿತ್ತು. ಮೈ ನಡುಗುತ್ತಿತ್ತು.

"ಅತ್ಯಾ, ಇದು ಉಂಡದ ಇಲ್ಲೋ?"

"ಏಕಾದಶಿ ದಿನ ಯಾರ ಉಣ್ತಾರ? ಬಟ್ಟಲಾ ಮುಂಜಾನೇನ ತೊಳದು ಡಬ್ಬ ಹಾಕೀನಿ. ಎಷ್ಟೋ ಏಕಾದಶಿ ನಮ್ಮ ಜೋಡಿ ಮಾಡೇದ ಅದು."

ವಸಂತಾ ಬಾಗಿಲಿಗೆ ಓಡಿದಳು. ಮಹಡಿಯ ಮೇಲಿದ್ದ ಗ್ರೀಷ್ಮಾಳನ್ನು ಕೂಗಿದಳು. ಗ್ರೀಷ್ಮಾ ಹುಬ್ಬಳ್ಳಿಯವಳು, ಪಶುವೈದ್ಯಕೀಯ ಓದಿ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಬಂದವಳು. ಚಪ್ಪಲಿ ಇಲ್ಲದೆಯೇ ಇಳಿದು ಬಂದಳು.

"ವೈನಿ, ಜೇನುತುಪ್ಪ ಅದ ಏನು?"

"ದೇವರ ಪಂಚಾಮೃತಕ್ಕ ಇಟ್ಟದ್ದು..." ಎಂದರು ಅಂಬುಜಾಕ್ಷಿ.

"ಕೊಡ್ರಿ ಕಾಕು, ಲಗೂನ. ರಕ್ತದಾಗಿನ ಸಕ್ಕರಿ ಪೂರಾ ಇಳದದ."

ಗ್ರೀಷ್ಮಾ ಬೆರಳಿಗೆ ಜೇನು ಹಚ್ಚಿಕೊಂಡು ಲಡ್ಡುವಿನ ಒಸಡಿಗೆ ಸವರಿದಳು. ಮತ್ತೆ ಮತ್ತೆ ಸವರಿದಳು.

"ಚಮಚಾದಲೆ ಬಾಯಾಗ ಹನಿಸ್ಲೇನು?" ಎಂದಳು ವಸಂತಾ.

"ಬ್ಯಾಡ್ರಿ. ನುಂಗೋ ಎಚ್ಚರ ಇಲ್ಲ ಅದಕ್ಕ, ಶ್ವಾಸಕ್ಕ ಹೋಗ್ತದ. ನೀವು ಡಾಕ್ಟರಿಗೆ ಫೋನ್ ಹಚ್ರಿ, ನಡೀರಿ."

ಇಬ್ಬರೂ ಲಡ್ಡುವನ್ನು ಟವೆಲಿನಲ್ಲಿ ಸುತ್ತಿಕೊಂಡು ಸೋನಾರ್‌ಪುರದ ರಸ್ತೆಗೆ ಓಡಿದರು. ಇ-ರಿಕ್ಷಾದವನು ತಿರುಗಿ ನೋಡಿ, "ಕಾಟೇಗೀ ತೋ ನಹೀಂ, ದೀದಿ?" ಎಂದ. ಕಚ್ಚುವಷ್ಟು ಶಕ್ತಿ ಅದಕ್ಕಿದ್ದರೆ ಸಾಕಾಗಿತ್ತು ಎಂದುಕೊಂಡಳು ವಸಂತಾ. ಡಾಕ್ಟರ್ ಗ್ಲೂಕೋಸ್ ಹಾಕಿ, ಬೆಳಗಿನವರೆಗೆ ಇಲ್ಲೇ ಇರಲಿ ಎಂದರು. ಉಳಿಯುತ್ತದೋ ಇಲ್ಲವೋ ಹೇಳಲಿಲ್ಲ.

ಉಳಿಯಿತು. ದ್ವಾದಶಿಯ ಪಾರಣೆ ಮುಗಿದ ಮೇಲೆ ಲಡ್ಡುವನ್ನು ಬುಟ್ಟಿಯಲ್ಲಿ ಮನೆಗೆ ತಂದರು. ಅಂಬುಜಾಕ್ಷಿ ಅದರ ಹತ್ತಿರ ಕೂತು ತಲೆ ಸವರಿದರು. ಆಮೇಲೆ ಗ್ರೀಷ್ಮಾಳ ಕಡೆ ತಿರುಗಿದರು.

"ಇಷ್ಟು ದಿನ ಉಪವಾಸ ಇದ್ರ ಏನೂ ಆಗಿರ್ಲಿಲ್ಲಲ್ಲವಾ?"

"ಆಗ ಸೂಜಿ ಇರ್ಲಿಲ್ಲಲ್ರಿ ಕಾಕು. ನೀವು ಏಕಾದಶಿ ದಿನ ನಿಮ್ಮ ಶುಗರ್ ಗುಳಿಗಿ ತಗೋತೀರೇನು?"

"ಇಲ್ಲಪಾ. ಖಾಲಿ ಹೊಟ್ಟಿಗೆ ತಗೊಂಡ್ರ ಕಣ್ಣಿಗೆ ಕತ್ತಲಿ ಬರ್ತದ."

"ಅದನ್ನೂ ನಿಮ್ಮ ಡಾಕ್ಟರಿಗೆ ಕೇಳೇ ಮಾಡ್ರಿ. ಈಗ ಹೇಳ್ರಿ, ಲಡ್ಡುಗ ಏನಾಗಿರಬೇಕು?"

ಅಂಬುಜಾಕ್ಷಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಕತ್ತಲಿ ಬಂದಿರಬೇಕು ಪಾಪ. ಮೂಕ ಪ್ರಾಣಿ, ಹೇಳಲಿಕ್ಕೂ ಬರಂಗಿಲ್ಲ."

"ಅದಕ್ಕ ಮದಲ ಬಟ್ಟಲಾ ನೋಡ್ರಿ, ಆಮ್ಯಾಲೆ ಬಾಟ್ಲಿ ತಗೀರಿ. ಉಣ್ಣಲಿಲ್ಲ, ಇಲ್ಲಾ ವಾಂತಿ ಮಾಡ್ತು ಅಂದ್ರ ಸೂಜಿ ಹಾಕಬ್ಯಾಡ್ರಿ, ಡಾಕ್ಟರಿಗೆ ಫೋನ್ ಮಾಡ್ರಿ. ಸೂಜಿ ಸರಿ ಬಿತ್ತೋ ಇಲ್ಲೋ ಅನುಮಾನ ಬಂದ್ರೂ ಅಷ್ಟ. ಮತ್ತೊಂದು ಹಾಕಬ್ಯಾಡ್ರಿ."

ರಾಮಕೃಷ್ಣ ಚೀಲದಿಂದ ಸಿರಿಂಜಿನ ಹೊಸ ಪ್ಯಾಕೆಟ್ ತೆಗೆದ. "ಅಂಗಡಿಯವ ಇದು ಅಗ್ಗ ಅಂದ."

ಗ್ರೀಷ್ಮಾ ತಿರುಗಿಸಿ ನೋಡಿದಳು. "ಅಣ್ಣಾ, ಇದರ ಮ್ಯಾಲೆ ನೂರು ಅಂತದ. ನಿಮ್ಮ ಬಾಟ್ಲಿ ನಲವತ್ತರದು, ಅಂದ್ರ ಒಂದು ಎಂಎಲ್‌ದಾಗ ನಲವತ್ತು ಯುನಿಟ್. ಬಾಟ್ಲಿ ಮ್ಯಾಲಿನ ನಂಬರು, ಸಿರಿಂಜಿನ ನಂಬರು ಒಂದ ಇರಬೇಕು. ಇಲ್ಲಾಂದ್ರ ಗೆರಿ ಸರಿ ಕಂಡ್ರೂ ಡೋಸ್ ತಪ್ಪತದ. ನೂರರ ಔಷಧಿಗೆ ನಲವತ್ತರ ಸಿರಿಂಜ್ ಹಾಕಿದ್ರಂತೂ ಎರಡೂವರಿ ಪಟ್ಟು ಹೋಗ್ತದ."

"ನಾ ಬ್ಯಾಂಕಿನಾಗ ದಿನಾ ನಂಬರ್ ತಾಳೆ ನೋಡಾಂವ," ಎಂದು ರಾಮಕೃಷ್ಣ ತಲೆ ಕೆರೆದುಕೊಂಡ. "ವಾಪಸ್ ಮಾಡ್ತೀನಿ."

"ಬಾಟ್ಲಿ ಫ್ರೀಜರಿನಾಗ ಇಡಬ್ಯಾಡ್ರಿ. ಬಿಜಲಿ ಭಾಳ ಹೊತ್ತು ಹೋಗಿ ಫ್ರಿಜ್ ಬೆಚ್ಚಗಾದ್ರ ಔಷಧಿ ಚಲೋ ಅದನೋ ಇಲ್ಲೋ ಡಾಕ್ಟರಿಗೆ ಕೇಳ್ರಿ. ಬಳಸಿದ ಸೂಜಿ ಗಲ್ಲಿಯ ಕಸದಾಗ ಒಗೀಬ್ಯಾಡ್ರಿ, ದಪ್ಪ ಡಬ್ಬ್ಯಾಗ ಹಾಕಿ ಆಸ್ಪತ್ರಿಗೆ ಕೊಡ್ರಿ. ಮತ್ತ ಕಾಕು, ಸೂಜಿ ಹಾಕೋದು ಮನ್ಯಾಗ ಇಬ್ಬರಿಗೆ ಗೊತ್ತಿರಬೇಕು. ವೈನಿ ಒಬ್ಬರ ಎಷ್ಟಂತ ಮಾಡ್ತಾರ?"

"ಹೌದ ಹೌದು," ಎಂದರು ಅಂಬುಜಾಕ್ಷಿ. ರಾಮಕೃಷ್ಣನೂ ತಲೆಯಾಡಿಸಿದ. ಮುಂದಿನ ಏಕಾದಶಿಗೆ ಲಡ್ಡುವಿಗೆ ಊಟ ಉಂಟು ಎಂದು ಅತ್ತೆ ದೇವರ ಕಡೆ ಕೈ ಮುಗಿದು ಹೇಳಿದರು. ವ್ರತ ನಮಗೆ, ಅದಕ್ಕಲ್ಲ ಎಂದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಬೆಕ್ಕು ಸುಮ್ಮಸುಮ್ಮನೆ ನೀರು ಕುಡಿಯುತ್ತಿದ್ದರೆ, ತಿಂದರೂ ಸೊರಗುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಇನ್ಸುಲಿನ್ ಬರೆದುಕೊಟ್ಟರೆ ಹೆದರಬೇಡಿ, ಆದರೆ ಡೋಸನ್ನು ನೀವಾಗಿ ಹೆಚ್ಚು ಕಡಿಮೆ ಮಾಡಬೇಡಿ. ಉಂಡಿದೆಯೇ ಎಂದು ನೋಡದೆ ಸೂಜಿ ಎತ್ತಬೇಡಿ. ಜೇನನ್ನೋ ಸಕ್ಕರೆ ಪಾಕವನ್ನೋ ಕೈಗೆ ಸಿಗುವಲ್ಲಿ ಇಡಿ. ಮತ್ತು ಈ ಕೆಲಸವನ್ನು ಒಬ್ಬರ ತಲೆಗೇ ಕಟ್ಟಬೇಡಿ. ದಣಿದ ಕಣ್ಣಿಗೆ ಖಾಲಿ ಬಟ್ಟಲು ಕಾಣುವುದಿಲ್ಲ.

ಆ ಸಂಜೆ ಲಡ್ಡು ಬಟ್ಟಲು ಪೂರಾ ನೆಕ್ಕಿತು. ಡಾಕ್ಟರ್ ಫೋನಿನಲ್ಲಿ ಹೊಸ ಡೋಸು ಹೇಳಿದರು, ಮೊದಲಿಗಿಂತ ಕಡಿಮೆ. ವಸಂತಾ ಬಾಟಲಿ ಹೊರಳಿಸಿ, ಸಿರಿಂಜ್ ತುಂಬಿ, ಗೆರೆ ನೋಡಿದಳು. ಅತ್ತೆ ಬತ್ತಿ ಹೊಸೆಯುತ್ತಿದ್ದರು. ಗಂಡ ಮೊಬೈಲ್ ನೋಡುತ್ತಿದ್ದ. ಅವಳು ಸಿರಿಂಜ್ ಹಿಡಿದ ಕೈಯನ್ನು ಅವರ ಕಡೆ ಚಾಚಿದಳು.

"ಇವತ್ತೊಂದಿನ ನಿಮ್ಮೊಳಗ ಯಾರರೆ ಹಾಕ್ರಿ."