ಮಾಯವಾಗುವ ಚುಕ್ಕೆ

ತಪ್ಪು ಇದೆ ಎಂದು ನಾನು ಹೇಳಿದರೆ ತಪ್ಪು ಇದ್ದೇ ಇರುತ್ತದೆ. ಅಂದು ಸಂಜೆ ಮಕ್ಕಳ ಆಸ್ಪತ್ರೆಗೆ ಹೋಗಬೇಕಿದ್ದ ತಂತ್ರಾಂಶದಲ್ಲಿ ಔಷಧಿಯ ಹೆಸರಿನ ಮೇಲೆ ಮೌಸ್ ಒತ್ತಿದರೆ ಪ್ರಮಾಣ ಕಾಣಬೇಕು: 2.5 ಮಿಲಿ. ಕಾಣುತ್ತಿತ್ತು ಕೂಡ. ಆದರೆ ಅದಕ್ಕೂ ಮುಂಚೆ, ಕಣ್ಣು ಮಿಟುಕಿಸುವಷ್ಟು ಹೊತ್ತು, ನಡುವಿನ ಚುಕ್ಕೆ ಮಾಯವಾಗಿ 25 ಎಂದಿರುತ್ತಿತ್ತು. ಅವಸರದಲ್ಲಿರುವ ನರ್ಸ್ ಅಷ್ಟನ್ನೇ ನೋಡಿ ಅತ್ತ ತಿರುಗಿದರೆ ಯಾವುದೋ ಮನೆಯ ಮಗುವಿಗೆ ಹತ್ತು ಪಟ್ಟು ಔಷಧಿ ಬೀಳುತ್ತದೆ.

ತಂತ್ರಾಂಶ ಬರೆದವರು ನನ್ನ ಭಾವ. ಪರೀಕ್ಷಿಸುವವಳು ನಾನು. ವ್ಯವಹಾರ ಅಕ್ಕನದು. ಅವರ ಮನೆಯ ಮಹಡಿಕೋಣೆಯೇ ನಮ್ಮ ಆಫೀಸು. ಕೆಳಗೆ ಕುಕ್ಕರ್ ಕೂಗಿದರೆ ಮೇಲೆ ಮೀಟಿಂಗ್ ನಿಲ್ಲುತ್ತದೆ.

"ಭಾವ, ಚುಕ್ಕೆ ಹಾರಿಹೋಗ್ತಿದೆ," ಎಂದೆ.

ಅವರು ಬಂದು ನೋಡಿದರು. "2.5 ಅಂತಾನೇ ಇದೆಯಲ್ಲ."

"ಅದಕ್ಕಿಂತ ಮುಂಚೆ ನೋಡಿ."

"ಮುಂಚೆಯೂ ಅದೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ."

ಇವರ ಹತ್ತಿರ ಬಾಯಿಮಾತು ನಡೆಯುವುದಿಲ್ಲ. ಆ ಕ್ಷಣದ ಪರದೆಯ ಚಿತ್ರವೇ, ಅಂದರೆ ಸ್ಕ್ರೀನ್‌ಶಾಟ್, ಬೇಕು. ಅದು ನನಗೆ ನೀರು ಕುಡಿದಷ್ಟು ಸುಲಭ: ಒಂದು ಕೈಯಲ್ಲಿ ಮೌಸ್, ಇನ್ನೊಂದರಲ್ಲಿ ಪ್ರಿಂಟ್ ಸ್ಕ್ರೀನ್ ಕೀ, ಆಮೇಲೆ ಕಂಪ್ಯೂಟರಿನಲ್ಲೇ ಖಾಲಿ ಹಾಳೆ ತೆರೆದು ಕಂಟ್ರೋಲ್ ಜೊತೆ ವಿ ಒತ್ತಿದರೆ ಚಿತ್ರ ಅಲ್ಲಿ ಬಂದು ಕೂರುತ್ತದೆ. ಆದರೆ ಸೈಕಲ್ಲಿನಿಂದ ಬಿದ್ದು ಎಡಗೈ ಬೆರಳಿನ ತನಕ ಪ್ಲಾಸ್ಟರಿನಲ್ಲಿತ್ತು. ಅದರಿಂದ ಒತ್ತಿದರೆ ಅಕ್ಕಪಕ್ಕದ ಕೀಗಳೂ ಒಟ್ಟಿಗೇ ಕುಸಿಯುತ್ತಿದ್ದವು. ಎಲ್ಲದರಲ್ಲೂ ಮೂಗು ತೂರಿಸುತ್ತೇನೆಂದು ಭಾವನ ಹಳೆಯ ದೂರು. ಸರಿ, ಮೂಗಿನಿಂದಲೂ ಒತ್ತಿ ನೋಡಿದೆ. ಮೂಗಿಗೆ ವೇಗ ಸಾಲದು. ಮೊಬೈಲಿನಲ್ಲಿ ಫೋಟೋ ಹಿಡಿದರೆ ಪರದೆ ತುಂಬ ಬರೀ ಪಟ್ಟೆ.

ಅಕ್ಕ ಕೆಳಗೆ ಆಸ್ಪತ್ರೆಯವರ ಜೊತೆ ಫೋನಿನಲ್ಲಿದ್ದಳು. ಉಳಿದದ್ದು ಭಾವನ ಕೈ ಮಾತ್ರ.

"ನಾನು ಮೌಸ್ ಒತ್ತುತ್ತೀನಿ, ನೀವು ಕೀ ಒತ್ತಿ."

"ಒತ್ತೋಣ ಬಾ. ನಿನ್ನ ಅನುಮಾನ ತೀರಲಿ."

ಒತ್ತಿದರು. ಹಾಳೆಯ ಮೇಲೆ ಬಂದದ್ದು 2.5. ಭಾವ ಮೀಸೆಯಡಿ ನಕ್ಕರು, ನನಗೆ ಸಿಟ್ಟು ನೆತ್ತಿಗೇರಿತು.

"ಭಾವ, 25 ಕಾಣಲಿ ಅಂತ ಕಾದ್ರೆ ಅದು ಸಿಗಲ್ಲ. ನನ್ನ ಬೆರಳಿನ ಜೊತೆಗೇ ಒತ್ತಬೇಕು. ಚೂರು ತಡ ಮಾಡಿದ್ರೆ ನೀವೇ ಗೆಲ್ತೀರಿ. ಗೆಲ್ಲೋದು ಬೇಕಾ, ನಿಜ ಗೊತ್ತಾಗೋದು ಬೇಕಾ, ನೀವೇ ನೋಡ್ಕೊಳ್ಳಿ."

ಅವರ ನಗು ನಿಂತಿತು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಕನ್ನಡಕ ಸರಿಮಾಡಿ, ಪರದೆಯನ್ನು ಬಿಟ್ಟು ನನ್ನ ತೋರುಬೆರಳನ್ನೇ ನೋಡುತ್ತ ಕೂತರು. ನಾನು ಒತ್ತಿದೆ. ಎರಡು ಸದ್ದು ಒಂದೇ ಆಗಿ ಕೇಳಿಸಿತು.

ಕಂಟ್ರೋಲ್, ವಿ. ಹಾಳೆಯ ಮೇಲೆ 25 ಮಿಲಿ. ಚುಕ್ಕೆಯ ಸುಳಿವೇ ಇರಲಿಲ್ಲ.

ಭಾವನ ಮುಖ ಇಳಿದುಹೋಯಿತು. ಆ ಚಿತ್ರ ಅಳಿಸಲು ಒಂದೇ ಕೀ ಸಾಕಿತ್ತು, ನನ್ನ ಹತ್ತಿರ ಬೇರೆ ಸಾಕ್ಷಿಯೂ ಇರಲಿಲ್ಲ. ಅವರು ಅದನ್ನು ಸೇವ್ ಮಾಡಿದರು.

ಅಷ್ಟರಲ್ಲಿ ಅಕ್ಕ ಫೋನ್ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದಳು. "ಕಾಯ್ತಿದ್ದಾರೆ. ಈಗಲೇ ಕಳಿಸ್ತೀವಿ ಅಂತ ಹೇಳಲಾ?"

ನಾನು ಬಾಯಿ ತೆರೆಯುವ ಮೊದಲೇ ಭಾವ ಫೋನ್ ಇಸಿದುಕೊಂಡರು. "ಇವತ್ತು ಕೊಡೋಕಾಗಲ್ಲ ಸರ್. ಔಷಧಿ ಪ್ರಮಾಣ ತಪ್ಪು ತೋರಿಸ್ತಿದೆ. ಇಲ್ಲ ಸರ್, ಅನುಮಾನ ಏನಿಲ್ಲ. ತಪ್ಪು ನಂದೇ. ಈಗ ತಾನೇ ನಾನೇ ಹಿಡಿದೆ."

ಅಕ್ಕ ನನ್ನ ಕಡೆ ತಿರುಗಿದಳು. ಈ ಮನೆಯಲ್ಲಿ ತಪ್ಪು ಹಿಡಿಯುವವರು ಯಾರೆಂದು ಅವಳಿಗೆ ಗೊತ್ತು. ಬೇರೆ ದಿನವಾಗಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ. ಆದರೆ ಭಾವನ ಮೇಲೆ ನನಗೆ ಆ ಹೊತ್ತು ಹೆಮ್ಮೆಯೇ ಆಗಿತ್ತು.

"ಹೌದಕ್ಕ," ಎಂದೆ, "ಅವರೇ ಹಿಡಿದಿದ್ದು."